ಮನೆ ಸಾಲ ತೀರಿದೆ, ಕಾರ್ಡ್ ಸಾಲ ತೀರುತ್ತಿಲ್ಲ: ಅಮೆರಿಕದಲ್ಲಿ ದಿವಾಳಿ ಅರ್ಜಿಗೆ ಮುಂಚೆ ಯಾವ ದಾರಿ?

ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷ ಹೊಟ್ಟೆಬಟ್ಟೆ ಕಟ್ಟಿ ಮನೆ ಸಾಲ ತೀರಿಸಿದವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿರುತ್ತದೆ. ಮನೆ ಮೇಲೆ ಬ್ಯಾಂಕಿನ ಹಕ್ಕಿಲ್ಲ, ಹಾಗಾಗಿ ಏನೇ ಆದರೂ ಮನೆಯನ್ನು ಯಾರೂ ಮುಟ್ಟಲಾರರು ಅನ್ನುವುದು ಆ ನಂಬಿಕೆ. ದಿವಾಳಿ ಕಾನೂನಿನಲ್ಲಿ ಲೆಕ್ಕ ಪೂರಾ ಉಲ್ಟಾ. 4 ಲಕ್ಷ ಡಾಲರ್ ಮನೆ ಮೇಲೆ 3.8 ಲಕ್ಷ ಅಡಮಾನ ಇದ್ದರೆ, ಅದನ್ನು ಮಾರಿ ಯಾರಿಗೂ ಏನೂ ಸಿಗುವುದಿಲ್ಲ. ಆಸ್ತಿ ಮಾರಿ ಸಾಲ ಕೊಟ್ಟವರಿಗೆ ಹಂಚಲು ಕೇಸಿಗೆ ನೇಮಕವಾಗುವ ಟ್ರಸ್ಟಿ ಅದರ ತಂಟೆಗೇ ಹೋಗುವುದಿಲ್ಲ. ಪೂರ್ತಿ ತೀರಿದ ಮನೆಯಲ್ಲಾದರೆ ಇಡೀ ಗಂಟು ಕಣ್ಣೆದುರಿಗೇ ಇರುತ್ತದೆ.

ಕೆಲಸ ಹೋಗಿಯೋ, ಆಸ್ಪತ್ರೆ ಬಿಲ್ಲಿನಿಂದಲೋ, ಕೈಹಿಡಿಯದ ವ್ಯಾಪಾರದಿಂದಲೋ ಸಾಲಕ್ಕೆ ಸಿಕ್ಕಿದವರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: ದಿವಾಳಿ ಕಾನೂನಿನ ಚಾಪ್ಟರ್ 7 (ವಿನಾಯಿತಿ ಮೀರಿದ ಆಸ್ತಿ ಬಿಟ್ಟುಕೊಟ್ಟು ಸಾಲ ಅಳಿಸಿಕೊಳ್ಳುವ ಬಗೆ) ಹಾಕುವುದಾ, ಚಾಪ್ಟರ್ 13 (ಆಸ್ತಿ ಇಟ್ಟುಕೊಂಡು ಕಂತು ಕಟ್ಟುವ ಬಗೆ) ಹಾಕುವುದಾ, ಮನೆ ಮೇಲೆ ಸಾಲ ಎತ್ತುವುದಾ, ಮಾರಿಬಿಡುವುದಾ, ಕಾರ್ಡ್ ಕಂಪನಿ ಜೊತೆ ಮಾತಾಡುವುದಾ? ಇದಕ್ಕೆ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಆದರೆ ಕೆಲವು ಅಂಕಿ ಬರೆದುಕೊಂಡರೆ ನಿಮ್ಮ ಮಟ್ಟಿಗಿನ ಉತ್ತರ ಬೇಗ ಕಾಣಿಸುತ್ತದೆ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮುಖ್ಯವಾದದ್ದು ಹೋಮ್‌ಸ್ಟೆಡ್ ವಿನಾಯಿತಿ. ನೀವು ವಾಸವಿರುವ ಮನೆಯ ಬೆಲೆಯಲ್ಲಿ ಇಷ್ಟು ಪಾಲನ್ನು ಸಾಲ ಕೊಟ್ಟವರು ಮುಟ್ಟುವಂತಿಲ್ಲ ಎಂದು ಕಾನೂನು ಎಳೆದ ಗೆರೆ ಅದು. ಫೆಡರಲ್ ಕಾನೂನಿನಲ್ಲಿ 2025ರ ಏಪ್ರಿಲ್ 1ರಿಂದ ಒಬ್ಬರಿಗೆ 31,575 ಡಾಲರ್. ಮನೆ ಇಬ್ಬರ ಹೆಸರಲ್ಲಿದ್ದು ಗಂಡ ಹೆಂಡತಿ ಒಟ್ಟಿಗೆ ಅರ್ಜಿ ಹಾಕಿದರೆ ಅದರ ಎರಡರಷ್ಟು. ಮೂರು ವರ್ಷಕ್ಕೊಮ್ಮೆ ಈ ಮೊತ್ತವನ್ನು ಪರಿಷ್ಕರಿಸುತ್ತಾರೆ.

ರಾಜ್ಯಗಳ ಗೆರೆ ಒಂದೊಂದು ಕಡೆ ಒಂದೊಂದು ಥರ. ಟೆಕ್ಸಸ್ ಮತ್ತು ಫ್ಲಾರಿಡಾದಲ್ಲಿ ಬೆಲೆಗೆ ಮಿತಿಯೇ ಇಲ್ಲ, ಜಾಗಕ್ಕೆ ಮಾತ್ರ ಮಿತಿ. ಟೆಕ್ಸಸ್‌ನ ನಗರಗಳಲ್ಲಿ 10 ಎಕರೆ, ಫ್ಲಾರಿಡಾದ ಪುರಸಭೆ ವ್ಯಾಪ್ತಿಯಲ್ಲಿ ಅರ್ಧ ಎಕರೆ. ಕ್ಯಾಲಿಫೋರ್ನಿಯಾ 2021ರಲ್ಲಿ ಮಿತಿಯನ್ನು ಕೌಂಟಿಯ (ಅಂದರೆ ಜಿಲ್ಲೆಯಂಥ ವಿಭಾಗದ) ಮನೆ ಬೆಲೆ ನೋಡಿಕೊಂಡು 3 ಲಕ್ಷದಿಂದ 6 ಲಕ್ಷ ಡಾಲರ್‌ವರೆಗೆ ಏರಿಸಿತು. ಆಮೇಲೆ ಹಣದುಬ್ಬರಕ್ಕೆ ತಕ್ಕಂತೆ ಅದು ಪ್ರತಿವರ್ಷ ಏರುತ್ತಿದೆ. ವಾಷಿಂಗ್ಟನ್ ರಾಜ್ಯದಲ್ಲಿ 1,25,000 ಡಾಲರ್ ಅಥವಾ ಹಿಂದಿನ ವರ್ಷ ಆ ಕೌಂಟಿಯಲ್ಲಿ ಮಾರಾಟವಾದ ಮನೆಗಳ ಮಧ್ಯಮ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ನ್ಯೂಜೆರ್ಸಿಯಲ್ಲಿ ರಾಜ್ಯದ ಹೋಮ್‌ಸ್ಟೆಡ್ ವಿನಾಯಿತಿಯೇ ಇಲ್ಲ. ಫೆಡರಲ್ ಪಟ್ಟಿ ಆರಿಸಿಕೊಳ್ಳಬಹುದು, ಸಿಗುವುದು ಅಷ್ಟೇ. ಒಂದೇ ಬೆಲೆಯ ಮನೆ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಭದ್ರ, ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಯಲು.

ಎರಡನೆಯದು ಎಷ್ಟು ದಿನದಿಂದ ಅಲ್ಲಿದ್ದೀರಿ ಅನ್ನುವುದು. ಅರ್ಜಿಗೆ ಹಿಂದಿನ 730 ದಿನ ಒಂದೇ ರಾಜ್ಯದಲ್ಲಿ ವಾಸವಿದ್ದರೆ ಮಾತ್ರ ಆ ರಾಜ್ಯದ ವಿನಾಯಿತಿ. ಇಲ್ಲವಾದರೆ ಹಳೇ ರಾಜ್ಯದ ನಿಯಮ ಬೆನ್ನು ಹತ್ತಿ ಬರುತ್ತದೆ. ಮನೆ ಕೊಂಡು 1,215 ದಿನ, ಅಂದರೆ ಸುಮಾರು ಮೂರು ವರ್ಷ ನಾಲ್ಕು ತಿಂಗಳು ಆಗಿಲ್ಲದಿದ್ದರೆ, ರಾಜ್ಯ ಎಷ್ಟೇ ಉದಾರವಾಗಿರಲಿ 2,14,000 ಡಾಲರ್‌ಗೆ ಕತ್ತರಿ ಬೀಳುತ್ತದೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಮನೆ ಮಾರಿ, ಬಂದ ದುಡ್ಡಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಸಾಲವಿಲ್ಲದೆ ಮನೆ ಕೊಂಡವರು ನಮ್ಮವರಲ್ಲೇ ಬೇಕಾದಷ್ಟಿದ್ದಾರೆ. ಅಂಥವರು ಟೆಕ್ಸಸ್‌ಗೆ ಮಿತಿಯಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಎರಡನೇ ವರ್ಷದಲ್ಲೇ ಅರ್ಜಿ ಹಾಕಿದರೆ ಈ ಎರಡು ಗಡುವುಗಳಲ್ಲಿ ಒಂದಕ್ಕೆ ಸಿಕ್ಕಿಬೀಳುತ್ತಾರೆ. ಅದೇ ರಾಜ್ಯದೊಳಗೆ ಹಳೇ ಮನೆ ಮಾರಿ ಹೊಸದು ಕೊಂಡವರಿಗೆ ಮಾತ್ರ 1,215 ದಿನದ ಲೆಕ್ಕದಲ್ಲಿ ಹಳೇ ಮನೆಯ ಕಾಲ ಕೂಡಿಬರುತ್ತದೆ.

ಮೂರನೆಯದಕ್ಕೆ ನಾನು 'ಉಳಿಕೆ' ಅನ್ನುತ್ತೇನೆ. ಮನೆಯ ಇಂದಿನ ಬೆಲೆಯಿಂದ ವಿನಾಯಿತಿ ಕಳೆಯಿರಿ, ಮಾರಾಟದ ಖರ್ಚು ಶೇ. 6ರಿಂದ 8 ಕಳೆಯಿರಿ. ಉಳಿದದ್ದು ಸಾಲ ಕೊಟ್ಟವರ ಕೈಗೆ ಸಿಗಬಹುದಾದ ಮೊತ್ತ. ಅದನ್ನು ಒಟ್ಟು ಸಾಲದ ಪಕ್ಕದಲ್ಲಿಟ್ಟು ನೋಡಿ. ಉಳಿಕೆ ಸೊನ್ನೆಯಾ, ಸಾಲಕ್ಕಿಂತ ಕಡಿಮೆಯಾ, ಸಾಲಕ್ಕಿಂತ ಜಾಸ್ತಿಯಾ ಎಂಬುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ.

ಇನ್ನು ತಿಂಗಳ ಆದಾಯ, ಸಾಲದ ಬಗೆ. ಕಾರ್ಡ್, ಆಸ್ಪತ್ರೆ, ವೈಯಕ್ತಿಕ ಸಾಲಗಳು ದಿವಾಳಿಯಲ್ಲಿ ಅಳಿಯುತ್ತವೆ. ಮಕ್ಕಳ ಜೀವನಾಂಶ, ಇತ್ತೀಚಿನ ಆದಾಯ ತೆರಿಗೆ ಅಳಿಯುವುದಿಲ್ಲ. ಶಿಕ್ಷಣ ಸಾಲ ಅಳಿಯುವುದೂ ತೀರಾ ಅಪರೂಪ. ನಿಮ್ಮ ಸಾಲದಲ್ಲಿ ಮುಕ್ಕಾಲು ಪಾಲು ಇಂಥದ್ದೇ ಆಗಿದ್ದರೆ ದಿವಾಳಿಯಿಂದ ಹೆಚ್ಚಿನ ಲಾಭವಿಲ್ಲ.

ಚಾಪ್ಟರ್ 7: ಉಳಿಕೆ ಸೊನ್ನೆ ಇದ್ದವರಿಗೆ

ಕೋರ್ಟು ಶುಲ್ಕ 338 ಡಾಲರ್, ಅದರ ಮೇಲೆ ಲಾಯರ್ ಫೀಸು. ಸುಮಾರು ನಾಲ್ಕು ತಿಂಗಳಲ್ಲಿ ಅಳಿಯಬೇಕಾದ ಸಾಲ ಅಳಿದಿರುತ್ತದೆ. ಅರ್ಜಿ ಹಾಕಿದ ಮೇಲಿನ ಸಂಬಳಕ್ಕೆ ಸಾಮಾನ್ಯವಾಗಿ ಯಾರೂ ಕೈ ಹಾಕುವುದಿಲ್ಲ. ಉಳಿಕೆ ಸೊನ್ನೆಯಾಗಿದ್ದು, ಆದಾಯ ಪರೀಕ್ಷೆ ಅಂದರೆ ಮೀನ್ಸ್ ಟೆಸ್ಟ್ ಪಾಸಾದರೆ, ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಟೆಸ್ಟಿನಲ್ಲಿ ಹಿಂದಿನ ಆರು ತಿಂಗಳ ಆದಾಯವನ್ನು ನಿಮ್ಮ ರಾಜ್ಯದಲ್ಲಿ ನಿಮ್ಮಷ್ಟೇ ಗಾತ್ರದ ಕುಟುಂಬದ ಮಧ್ಯಮ ಆದಾಯದೊಂದಿಗೆ ತಾಳೆ ನೋಡುತ್ತಾರೆ. ಅದಕ್ಕಿಂತ ಹೆಚ್ಚಿದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ, ಖರ್ಚು ಕಳೆಯುವ ಉದ್ದನೆಯ ಲೆಕ್ಕ ಶುರುವಾಗುತ್ತದೆ.

ಉಳಿಕೆ ಇದ್ದರೆ ಮಾತ್ರ ಚಾಪ್ಟರ್ 7 ಅಪಾಯದ ದಾರಿ. ಒಂದು ಉದಾಹರಣೆ ಹಿಡಿದು ನೋಡೋಣ. ನ್ಯೂಜೆರ್ಸಿಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ 3,80,000 ಡಾಲರ್ ಮನೆ, ಅಡಮಾನ ಇಲ್ಲ. ಇಬ್ಬರದೂ ಸೇರಿ ಕಾರ್ಡ್ ಸಾಲ 62,000. ಫೆಡರಲ್ ವಿನಾಯಿತಿ ಇಬ್ಬರಿಗೆ 63,150. ಮಾರಾಟದ ಖರ್ಚು ಶೇ. 7ರಂತೆ 26,600. ಉಳಿಕೆ 2,90,250, ಅಂದರೆ ಸಾಲದ ನಾಲ್ಕೂವರೆ ಪಟ್ಟು. ಟ್ರಸ್ಟಿ ಈ ಮನೆಯನ್ನು ಖಂಡಿತ ಮಾರುತ್ತಾರೆ. ವಿನಾಯಿತಿಯ ಮೊತ್ತ ನಿಮಗೆ ಕೊಟ್ಟು, ಎಲ್ಲ ಸಾಲ ತೀರಿಸಿ, ಮಿಕ್ಕಿದ್ದನ್ನು ನಿಮಗೇ ವಾಪಸು ಮಾಡುತ್ತಾರೆ. ಇದಕ್ಕೆ ಅವರ ಕಮಿಷನ್ ಬೇರೆ: ಹಂಚಿದ ಮೊದಲ 5,000ಕ್ಕೆ ಶೇ. 25ರವರೆಗೆ, ಮುಂದಿನ 45,000ಕ್ಕೆ ಶೇ. 10ರವರೆಗೆ, ಅದರ ಮೇಲೆ 10 ಲಕ್ಷ ಮುಟ್ಟುವ ತನಕ ಶೇ. 5ರವರೆಗೆ. ಈ ಕೇಸಲ್ಲಿ ಅದು 7,700 ಡಾಲರ್ ಹತ್ತಿರ ಹೋಗಬಹುದು, ಟ್ರಸ್ಟಿಯ ಲಾಯರ್ ಖರ್ಚು ಬೇರೆ. ತಾವೇ ಮಾರಿ ಸಾಲ ತೀರಿಸಬಹುದಾಗಿದ್ದವರು ದಿವಾಳಿಯ ಹೆಸರೂ ಹೊತ್ತು, ಕಮಿಷನ್ನೂ ತೆತ್ತ ಹಾಗಾಯಿತು. ಮೂಗಿಗಿಂತ ಮೂಗುತಿ ಭಾರ.

ಇಷ್ಟಾದ ಮೇಲೆ 'ಬೇಡಪ್ಪ, ಅರ್ಜಿ ವಾಪಸು ತಗೋತೀನಿ' ಅನ್ನಲು ಬರುವುದಿಲ್ಲ. ಚಾಪ್ಟರ್ 7ರಿಂದ ಹೊರಬರಲು ಕೋರ್ಟು ಒಪ್ಪಬೇಕು. ಸಾಲ ಕೊಟ್ಟವರಿಗೆ ಮನೆ ಮಾರಿ ದುಡ್ಡು ಬರುವ ಹಾಗಿದ್ದರೆ ನ್ಯಾಯಾಧೀಶರು ಸುಲಭಕ್ಕೆ ಒಪ್ಪುವುದಿಲ್ಲ. ಮನೆ ಬೆಲೆಯನ್ನು ಅಂದಾಜಿಗೆ ಕಡಿಮೆ ಬರೆದರಾಯಿತು ಎಂದು ಯೋಚಿಸುವವರಿಗೂ ಒಂದು ಮಾತು. ಶ್ವಾಬ್ ಮತ್ತು ರೈಲಿ ನಡುವಿನ 2010ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನೀವು ವಿನಾಯಿತಿ ಕೇಳಿದ ಡಾಲರ್ ಮೊತ್ತ ಮಾತ್ರ ನಿಮ್ಮದು, ವಸ್ತುವಿನ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚುವರಿಯನ್ನು ಟ್ರಸ್ಟಿ ಆಮೇಲೂ ಕೇಳಬಹುದು ಎಂದಿದೆ.

ಉಳಿಕೆ ಚಿಕ್ಕದಾಗಿದ್ದರೆ ನಡುವೆ ಒಂದು ಸಂದಿ ಇದೆ. ಮನೆ ಮಾರಿ ಸಾಲ ಕೊಟ್ಟವರಿಗೆ ಹೇಳಿಕೊಳ್ಳುವಷ್ಟು ಸಿಗದಿದ್ದರೆ ಟ್ರಸ್ಟಿ ಮನೆಯನ್ನು ಕೈಬಿಡಬಹುದು. ಅಥವಾ ಉಳಿಕೆಯಷ್ಟು ದುಡ್ಡನ್ನು ನೀವೇ ಹೊಂದಿಸಿ ಕೊಟ್ಟರೆ ಮನೆ ನಿಮಗೇ ಬಿಡಲು ಒಪ್ಪಬಹುದು. ಇದು ಮಾತುಕತೆಯ ವಿಷಯ, ಹಕ್ಕಲ್ಲ.

ಚಾಪ್ಟರ್ 13: ಮನೆ ಉಳಿಸಲು ಕಟ್ಟುವ ಕಂತು

ಇಲ್ಲಿ ಮನೆ ನಿಮ್ಮ ಕೈಯಲ್ಲೇ ಇರುತ್ತದೆ. ಮೂರರಿಂದ ಐದು ವರ್ಷ ತಿಂಗಳು ತಿಂಗಳು ಟ್ರಸ್ಟಿಗೆ ಕಟ್ಟುತ್ತೀರಿ, ಅವರು ಹಂಚುತ್ತಾರೆ. ಕೋರ್ಟು ಶುಲ್ಕ 313 ಡಾಲರ್. ಲಾಯರ್ ಫೀಸು ಚಾಪ್ಟರ್ 7ಕ್ಕಿಂತ ಜಾಸ್ತಿ, ಆದರೆ ಅದರ ಬಹುಪಾಲನ್ನು ಕಂತಿನಲ್ಲೇ ಸೇರಿಸಬಹುದು. ಈಗಿನ ಮಿತಿಯಂತೆ ಅಡಮಾನವಿಲ್ಲದ ಸಾಲ 5,26,700 ಡಾಲರ್ ಒಳಗಿರಬೇಕು, ಮತ್ತು ಕಟ್ಟಲು ನಿಯಮಿತ ಆದಾಯ ಬೇಕು.

ಮನೆ ಇದ್ದವರು ನೆನಪಿಡಬೇಕಾದ ನಿಯಮ ಒಂದೇ. ಚಾಪ್ಟರ್ 7ರಲ್ಲಿ ಮನೆ ಮಾರಿದ್ದರೆ ಸಾಲ ಕೊಟ್ಟವರಿಗೆ ಎಷ್ಟು ಸಿಗುತ್ತಿತ್ತೋ ಅಷ್ಟನ್ನಾದರೂ ಕಂತಿನಲ್ಲಿ ಕೊಡಬೇಕು. ಮನೆಗೆ 3 ಲಕ್ಷ, ವಿನಾಯಿತಿ 2.6 ಲಕ್ಷ, ಖರ್ಚು 21,000 ಅಂದುಕೊಳ್ಳಿ. ಉಳಿಕೆ 19,000. ಸಾಲ 70,000 ಇದ್ದರೂ ಮನೆಯ ಲೆಕ್ಕದಲ್ಲಿ ಕಟ್ಟಬೇಕಾದ್ದು ಈ 19,000. ಅರವತ್ತು ಕಂತಿಗೆ ಹಂಚಿ, ಟ್ರಸ್ಟಿಯ ಶೇ. 10ರವರೆಗಿನ ಪಾಲು ಸೇರಿಸಿದರೆ ತಿಂಗಳಿಗೆ 350 ಡಾಲರ್ ಆಸುಪಾಸು. ಖರ್ಚು ಕಳೆದು ಕೈಯಲ್ಲಿ ಇದಕ್ಕಿಂತ ಹೆಚ್ಚು ಉಳಿಯುತ್ತಿದ್ದರೆ ಕಂತೂ ಏರುತ್ತದೆ, ಅದು ಬೇರೆ ಮಾತು. ಉಳಿಕೆ ಸಾಲಕ್ಕಿಂತ ಕಡಿಮೆ ಇರುವವರಿಗೆ, ಸಂಬಳ ಬರುತ್ತಿರುವವರಿಗೆ ಇದು ಹೇಳಿ ಮಾಡಿಸಿದ ದಾರಿ ಎಂಬುದು ನನ್ನ ಅಭಿಪ್ರಾಯ.

ಮತ್ತೆ ನ್ಯೂಜೆರ್ಸಿ ಜೋಡಿಗೆ ಬರೋಣ. ಉಳಿಕೆ ಸಾಲಕ್ಕಿಂತ ದೊಡ್ಡದು, ಹಾಗಾಗಿ ಅವರು ಪೂರ್ತಿ 62,000 ಕಟ್ಟಲೇಬೇಕು. ಮೇಲ್ನೋಟಕ್ಕೆ, ಮತ್ತೆ ದಿವಾಳಿ ಯಾಕೆ ಅನ್ನಿಸುತ್ತದೆ. ಬಡ್ಡಿ ನೋಡಿ. ಶೇ. 22ರ ದರದಲ್ಲಿ ಕಾರ್ಡ್ ಬಡ್ಡಿಯೊಂದೇ ತಿಂಗಳಿಗೆ 1,137 ಡಾಲರ್. ಅಷ್ಟು ಕಟ್ಟಿದರೆ ಅಸಲಿನಲ್ಲಿ ಒಂದು ಡಾಲರೂ ಇಳಿಯುವುದಿಲ್ಲ. ಚಾಪ್ಟರ್ 13ರಲ್ಲಿ ಟ್ರಸ್ಟಿಯ ಪಾಲೂ ಸೇರಿ ತಿಂಗಳಿಗೆ ಸುಮಾರು 1,150. ಉಳಿಕೆ ಸಾಲವನ್ನು ಮೀರಿದ ಇಂಥ ಕೇಸುಗಳಲ್ಲಿ ಕಾನೂನು ಹೇಳಿದ ಬಡ್ಡಿಯೂ ಸ್ವಲ್ಪ ಸೇರುತ್ತದೆ, ಆದರೆ ಅದು ಕಾರ್ಡಿನ ಬಡ್ಡಿಯ ಹತ್ತಿರಕ್ಕೂ ಬರುವುದಿಲ್ಲ. ಹೆಚ್ಚುಕಮ್ಮಿ ಅದೇ ದುಡ್ಡಿಗೆ ಐದು ವರ್ಷದಲ್ಲಿ ಸಾಲ ಮುಗಿಯುತ್ತದೆ, ಮನೆಯೂ ಇರುತ್ತದೆ.

ಕಷ್ಟ ಇರುವುದು ಐದು ವರ್ಷ ಎಂಬ ಅವಧಿಯಲ್ಲಿ. ನಡುವೆ ಕೆಲಸ ಹೋದರೆ ಕಂತು ನಿಲ್ಲುತ್ತದೆ, ಕೇಸು ವಜಾ ಆಗುತ್ತದೆ, ಉಳಿದ ಸಾಲ ಬಡ್ಡಿಸಮೇತ ಎದ್ದು ಕೂರುತ್ತದೆ. ಆದರೂ ಚಾಪ್ಟರ್ 7ರಲ್ಲಿ ಇಲ್ಲದ ಒಂದು ಅನುಕೂಲ ಇಲ್ಲಿದೆ: ಸಾಮಾನ್ಯವಾಗಿ ಯಾವಾಗ ಬೇಕಾದರೂ ನೀವಾಗಿ ಕೇಸು ಕೈಬಿಡಬಹುದು. ನಿಮ್ಮ ಸಾಲಕ್ಕೆ ಭಾವನೋ ಗೆಳೆಯನೋ ಜೊತೆಗೆ ಸಹಿ ಹಾಕಿದ್ದರೆ, ಅದು ಮನೆಬಳಕೆಯ ಸಾಲವಾಗಿದ್ದರೆ, ಕೇಸು ನಡೆಯುವ ತನಕ ಅವರ ಬೆನ್ನು ಬೀಳುವುದಕ್ಕೂ ತಡೆ ಇರುತ್ತದೆ.

ಅರ್ಜಿಯೇ ಹಾಕದೆ

ಮನೆ ಮೇಲೆ ಸಾಲ ಎತ್ತಿ ಕಾರ್ಡ್ ತೀರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಬಡ್ಡಿ ಕಾರ್ಡಿಗಿಂತ ಕಡಿಮೆ, ನಿಜ. ಆದರೆ ಹಿಂದೆ ಮನೆಗೆ ಸಂಬಂಧವಿಲ್ಲದ ಸಾಲ ಈಗ ಮನೆಗೇ ಅಂಟಿಕೊಂಡಿತು. ಕಾರ್ಡ್ ಕಂಪನಿ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಅಲೆಯಬೇಕಿತ್ತು. ಈ ಸಾಲದ ಕಂತು ತಪ್ಪಿದರೆ ಬ್ಯಾಂಕು ನೇರ ಮನೆಯನ್ನೇ ಹರಾಜಿಗೆ ಹಾಕಬಹುದು. ಹೋಮ್‌ಸ್ಟೆಡ್ ವಿನಾಯಿತಿ ಇಂಥ ಅಡಮಾನಕ್ಕೆ ಅಡ್ಡ ಬರುವುದಿಲ್ಲ. ಆದಾಯ ಗಟ್ಟಿಯಿದ್ದು, ಸಾಲ ಬೆಳೆದ ಕಾರಣ ಮುಗಿದುಹೋದದ್ದಾಗಿದ್ದರೆ, ಉದಾಹರಣೆಗೆ ಒಂದು ಸಲದ ಆಸ್ಪತ್ರೆ ಬಿಲ್ಲು, ಸರಿ. ಸಂಬಳ ನಿಂತಿರುವಾಗ ಈ ಕೆಲಸ ಮಾಡಬೇಡಿ. ಅದರಲ್ಲೂ ಟೆಕ್ಸಸ್‌ನಂಥ ಕಡೆ, ಕಾನೂನು ಸುಮ್ಮನೆ ಕಾಪಾಡುತ್ತಿದ್ದ ಮನೆಯನ್ನು ತಾವೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ.

ವಯಸ್ಸು 62 ದಾಟಿದವರಿಗೆ ರಿವರ್ಸ್ ಮಾರ್ಟ್‌ಗೇಜ್ ಇದೆ, ಅಂದರೆ ಮನೆ ಒತ್ತೆಯಿಟ್ಟು ಹಣ ಪಡೆದು, ಮನೆ ಬಿಟ್ಟ ಮೇಲೆ ಅಥವಾ ತೀರಿಕೊಂಡ ಮೇಲೆ ತೀರುವ ಸಾಲ. ತಿಂಗಳ ಕಂತಿಲ್ಲ, ಆದರೆ ಆಸ್ತಿ ತೆರಿಗೆ ಮತ್ತು ವಿಮೆ ಕಟ್ಟುತ್ತಿರಬೇಕು, ಅದೇ ಮನೆಯಲ್ಲಿ ವಾಸವಿರಬೇಕು. ವರ್ಷದಲ್ಲಿ ಆರೇಳು ತಿಂಗಳು ಭಾರತದಲ್ಲಿ ಕಳೆಯುವ ಯೋಚನೆ ಇರುವವರು ವಾಸದ ಷರತ್ತನ್ನು ಸರಿಯಾಗಿ ಓದಿ. ಮಕ್ಕಳಿಗೆ ಮನೆ ಬಿಡಬೇಕೆಂಬ ಆಸೆ ಇದ್ದರೆ ಇದು ಅದನ್ನು ಕರಗಿಸುತ್ತದೆ.

ತಾವೇ ಮಾರುವುದನ್ನು ಸೋಲು ಅಂದುಕೊಳ್ಳುವವರೇ ಹೆಚ್ಚು. ಉಳಿಕೆ ಸಾಲಕ್ಕಿಂತ ತುಂಬಾ ದೊಡ್ಡದಿದ್ದು, ಚಾಪ್ಟರ್ 13ರ ಕಂತು ಕಟ್ಟುವಷ್ಟು ಆದಾಯವೂ ಇಲ್ಲದಿದ್ದರೆ ಎಷ್ಟೋ ಸಲ ಇದೇ ಲಾಭದ ದಾರಿ. ಒಳ್ಳೆ ಬೆಲೆಗೆ ಕಾಯಬಹುದು, ಟ್ರಸ್ಟಿ ಕಮಿಷನ್ ಇಲ್ಲ. ಹಿಂದಿನ ಐದು ವರ್ಷದಲ್ಲಿ ಎರಡು ವರ್ಷ ವಾಸವಿದ್ದ ಸ್ವಂತ ಮನೆಯಾದರೆ ಲಾಭದಲ್ಲಿ ಒಬ್ಬರಿಗೆ 2.5 ಲಕ್ಷ, ದಂಪತಿಗೆ 5 ಲಕ್ಷ ಡಾಲರ್‌ವರೆಗೆ ಆದಾಯ ತೆರಿಗೆಯೂ ಇಲ್ಲ. ನ್ಯೂಜೆರ್ಸಿ ಜೋಡಿ ಮಾರಿ ಸಾಲ ತೀರಿಸಿದರೆ ಕೈಯಲ್ಲಿ 2.9 ಲಕ್ಷ ಉಳಿಯುತ್ತದೆ, ಚಿಕ್ಕ ಮನೆಗೆ ಅದು ಸಾಕಾಗಬಹುದು.

ಕಾರ್ಡ್ ಕಂಪನಿ ಜೊತೆ ಮಾತಾಡಿ ಸಾಲ ಕಡಿಮೆ ಮಾಡಿಸುತ್ತೇವೆ ಅನ್ನುವ ಸೆಟಲ್‌ಮೆಂಟ್ ಕಂಪನಿಗಳ ಜಾಹೀರಾತಿನ ಬಗ್ಗೆ ಹುಷಾರು. ಫೋನಿನಲ್ಲಿ ವ್ಯವಹಾರ ಕುದುರಿಸುವ ಇಂಥ ಕಂಪನಿಗಳು ಸಾಲ ಇತ್ಯರ್ಥವಾಗುವ ಮುಂಚೆ ಫೀಸು ಕೀಳುವುದನ್ನು ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲೇ ನಿಷೇಧಿಸಿದೆ. ಮನ್ನಾ ಆದ ಸಾಲವನ್ನು ಆದಾಯವೆಂದು ಎಣಿಸಿ ತೆರಿಗೆ ಕೇಳಬಹುದು. ಆಸ್ತಿಗಿಂತ ಸಾಲ ಹೆಚ್ಚಿದ್ದವರಿಗೆ ಇದರಿಂದ ರಿಯಾಯಿತಿ ಇದೆ. ಅಡಮಾನವಿಲ್ಲದ ಮನೆ ಇಟ್ಟುಕೊಂಡವರಿಗೆ ಅದು ಸಿಗುವುದು ಕಷ್ಟ. ದಿವಾಳಿಯಲ್ಲಿ ಅಳಿದ ಸಾಲಕ್ಕಾದರೆ ಈ ತೆರಿಗೆ ಇಲ್ಲ. ಲಾಭಕ್ಕಲ್ಲದ ಕೌನ್ಸೆಲಿಂಗ್ ಸಂಸ್ಥೆಗಳ ಸಾಲ ನಿರ್ವಹಣಾ ಯೋಜನೆ ಇದಕ್ಕಿಂತ ಎಷ್ಟೋ ವಾಸಿ. ಬಡ್ಡಿ ಇಳಿಸಿ ಮೂರರಿಂದ ಐದು ವರ್ಷದಲ್ಲಿ ತೀರಿಸುವ ಹಾಗೆ ಹೊಂದಿಸುತ್ತಾರೆ. ಉಳಿಕೆ ದೊಡ್ಡದಿದ್ದು ಆದಾಯವೂ ಇರುವವರು ಚಾಪ್ಟರ್ 13ಕ್ಕೆ ಮುಂಚೆ ಇದರ ಕಂತು ಎಷ್ಟಾಗುತ್ತದೆಂದು ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನು ಸುಮ್ಮನಿದ್ದುಬಿಡುವುದು. ಪಿಂಚಣಿ, ಸೋಷಿಯಲ್ ಸೆಕ್ಯುರಿಟಿ ಬಿಟ್ಟರೆ ಬೇರೆ ಆದಾಯ ಇಲ್ಲದ ಹಿರಿಯರು, ಮನೆ ಪೂರ್ತಿ ವಿನಾಯಿತಿಯೊಳಗಿದ್ದರೆ, ಕೆಲವೊಮ್ಮೆ ಏನೂ ಮಾಡದೆ ಇರಬಹುದು. ಉಳಿದವರ ವಿಷಯದಲ್ಲಿ ಕೋರ್ಟಿನ ತೀರ್ಪು ಮನೆ ಮೇಲೆ ಹಕ್ಕಾಗಿ ಕೂರಬಹುದು, ಸಂಬಳದಲ್ಲಿ ಕಾಲು ಭಾಗದವರೆಗೆ ಹಿಡಿಯಬಹುದು.

ಒಬ್ಬರದೇ ಸಾಲ, ಇಬ್ಬರ ಮನೆ

ವ್ಯಾಪಾರದ ಸಾಲಕ್ಕೆ ಗಂಡ ಒಬ್ಬನೇ ಸಹಿ ಹಾಕಿದ್ದಾನೆ, ಮನೆ ಇಬ್ಬರದು. ಫ್ಲಾರಿಡಾ, ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್‌ನಂಥ ರಾಜ್ಯಗಳಲ್ಲಿ ದಂಪತಿ ಒಟ್ಟಾಗಿ ಕೊಂಡ ಮನೆಗೆ ಟೆನೆನ್ಸಿ ಬೈ ದಿ ಎಂಟೈರ್ಟಿ ಎಂಬ ವಿಶೇಷ ಒಡೆತನ ಇರುತ್ತದೆ. ಒಬ್ಬರ ಸಾಲಕ್ಕೆ ಅಂಥ ಮನೆಯನ್ನು ಹಿಡಿಯುವಂತಿಲ್ಲ. ಸಾಲ ಇರುವವರು ಒಬ್ಬರೇ ಅರ್ಜಿ ಹಾಕಿದರೆ ಹೋಮ್‌ಸ್ಟೆಡ್ ಮೊತ್ತ ಏನೇ ಇದ್ದರೂ ಮನೆ ಉಳಿಯಬಹುದು. ಇಬ್ಬರೂ ಸೇರಿ ತೆಗೆದ ಕಾರ್ಡು ಒಂದಿದ್ದರೆ ಅಷ್ಟರ ಮಟ್ಟಿಗೆ ಈ ರಕ್ಷಣೆ ಇಲ್ಲ. ಅವಸರಕ್ಕೆ ಇಬ್ಬರೂ ಒಟ್ಟಿಗೆ ಅರ್ಜಿ ಹಾಕುವ ಮುಂಚೆ ಇದನ್ನು ಲಾಯರ್ ಹತ್ತಿರ ಕೇಳಲೇಬೇಕು.

ಅರ್ಜಿಗೆ ಮುಂಚೆ ಮುಟ್ಟಬಾರದ್ದು

ಮನೆಯನ್ನು ಮಗಳ ಹೆಸರಿಗೋ ತಮ್ಮನ ಹೆಸರಿಗೋ ಬರೆಯಬೇಡಿ. ಫೆಡರಲ್ ಕಾನೂನು ಎರಡು ವರ್ಷ ಹಿಂದಕ್ಕೆ ನೋಡುತ್ತದೆ, ರಾಜ್ಯದ ಕಾನೂನು ಹೆಚ್ಚಿನ ಕಡೆ ನಾಲ್ಕು ವರ್ಷ. ಟ್ರಸ್ಟಿ ಆ ವರ್ಗಾವಣೆ ರದ್ದು ಮಾಡಿಸಬಹುದು. ಅರ್ಜಿಗೆ ಒಂದು ವರ್ಷದೊಳಗೆ ವಂಚನೆಯ ಉದ್ದೇಶದಿಂದ ಮಾಡಿದ್ದೆಂದು ಸಾಬೀತಾದರೆ ಸಾಲ ಅಳಿಸುವುದನ್ನೇ ಕೋರ್ಟು ನಿರಾಕರಿಸಬಹುದು. ಅಂದರೆ ಮನೆಯೂ ಹೋಯಿತು, ಸಾಲವೂ ಉಳಿಯಿತು.

ಕೈಸಾಲ ಕೊಟ್ಟ ನೆಂಟರಿಗೆ ಮೊದಲು ತೀರಿಸಿಬಿಡೋಣ ಅನ್ನುವುದು ನಮ್ಮವರ ಸಹಜ ಮನಸ್ಸು. ಅರ್ಜಿಗೆ ಹಿಂದಿನ ಒಂದು ವರ್ಷದಲ್ಲಿ ನೆಂಟರಿಗೆ ಹಾಗೆ ಕೊಟ್ಟದ್ದನ್ನು ಟ್ರಸ್ಟಿ ಅವರಿಂದಲೇ ವಾಪಸು ವಸೂಲು ಮಾಡಬಹುದು. 401ಕೆ ನಿವೃತ್ತಿ ನಿಧಿ ಒಡೆದು ಕಾರ್ಡ್ ಕಟ್ಟುವುದೂ ಅಷ್ಟೇ ತಪ್ಪು. ದಿವಾಳಿಯಲ್ಲಿ ಆ ನಿಧಿಗೆ ಪೂರ್ತಿ ರಕ್ಷಣೆ ಇದೆ.

ಊರಿನ ಆಸ್ತಿಯನ್ನು ಮರೆಯಬೇಡಿ. ಅರ್ಜಿದಾರರ ಆಸ್ತಿ ಎಲ್ಲೇ ಇರಲಿ, ಯಾರ ಕೈಯಲ್ಲೇ ಇರಲಿ, ದಿವಾಳಿ ಲೆಕ್ಕಕ್ಕೆ ಸೇರುತ್ತದೆ ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಮೈಸೂರಿನ ಸೈಟು, ಅಣ್ಣತಮ್ಮಂದಿರ ಜೊತೆ ಇನ್ನೂ ಪಾಲಾಗದ ಜಮೀನಿನ ಹಕ್ಕು, ಎನ್‌ಆರ್‌ಓ ಖಾತೆ (ಅನಿವಾಸಿಗಳಿಗೆ ಭಾರತದಲ್ಲಿರುವ ಬ್ಯಾಂಕ್ ಖಾತೆ), ಎಲ್ಲವನ್ನೂ ಬರೆಯಬೇಕು. ವಾಸದ ಮನೆಗಿರುವ ವಿನಾಯಿತಿ ಇವಕ್ಕೆ ಸಿಗುವುದಿಲ್ಲ. ಅರ್ಜಿ ಹಾಕಿದ 180 ದಿನದೊಳಗೆ ತಂದೆತಾಯಿಯಿಂದ ವಾರಸಿನ ಹಕ್ಕು ಬಂದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಬೇಕೆಂದೇ ಮುಚ್ಚಿಟ್ಟರೆ ಐದು ವರ್ಷದವರೆಗೆ ಜೈಲು ಶಿಕ್ಷೆ ಇರುವ ಅಪರಾಧ. ಹೀಗಾಗಿ ಮನೆ ಟೆಕ್ಸಸ್‌ನಲ್ಲಿ ಭದ್ರವಾಗಿದ್ದರೂ, ಊರಲ್ಲಿ ಒಳ್ಳೆ ಬೆಲೆಯ ಸೈಟು ಇದ್ದವರಿಗೆ ಚಾಪ್ಟರ್ 7 ನಾನು ಮೇಲೆ ಹೇಳಿದಷ್ಟು ಅಗ್ಗದ ದಾರಿಯಲ್ಲ. ಅವರು ಉಳಿಕೆಯ ಲೆಕ್ಕಕ್ಕೆ ಆ ಸೈಟನ್ನೂ ಸೇರಿಸಿ ಚಾಪ್ಟರ್ 13ರ ಕಂತು ಹಾಕಿಸಿ ನೋಡಬೇಕು.

ಗಡುವಿಗೆ ಕೆಲವೇ ತಿಂಗಳು ಬಾಕಿ ಇದ್ದರೆ, ಮನೆ ಮೇಲೆ ಕೋರ್ಟಿನ ತೀರ್ಪು ಸದ್ಯಕ್ಕೆ ಬರುವ ಹಾಗಿಲ್ಲದಿದ್ದರೆ, 730 ಅಥವಾ 1,215 ದಿನ ದಾಟುವ ತನಕ ಕಾಯುವುದೂ ಒಂದು ಆಯ್ಕೆಯೇ. ಆ ನಡುವೆ ಕಾರ್ಡಿನಲ್ಲಿ ಹೊಸ ಖರೀದಿ ಮಾಡಬಾರದು.

ಲಾಯರ್ ಹತ್ತಿರ ಹೋಗುವಾಗ ಡೀಡ್ ಪ್ರತಿ, ಆಸ್ತಿ ತೆರಿಗೆ ರಸೀದಿ, ಆರು ತಿಂಗಳ ಸಂಬಳದ ಚೀಟಿ, ಸಾಲಗಳ ಪಟ್ಟಿ, ಊರಿನ ಆಸ್ತಿಯ ಪಹಣಿ ಅಥವಾ ಖಾತಾ ಪ್ರತಿ ಒಯ್ಯಿರಿ. ಮನೆಗೆ ಅಡಮಾನ ಇಲ್ಲ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ನಿಮ್ಮ ಉಳಿಕೆ ಎಷ್ಟು, ಚಾಪ್ಟರ್ 13ರ ಕಂತು ಎಷ್ಟಾಗುತ್ತದೆ, ನಿಮ್ಮ ಕಡೆಯ ಟ್ರಸ್ಟಿಗಳು ಇಂಥ ಮನೆಗಳನ್ನು ಮಾರಿಸಿದ್ದಾರಾ ಎಂದು ಕೇಳಿ ಕಾಗದದ ಮೇಲೆ ಬರೆಸಿಕೊಳ್ಳಿ. ಅಂಕಿ ಕೊಡದೆ 'ಮನೆಗೇನೂ ಆಗಲ್ಲ ಬಿಡಿ' ಎಂದು ಸಾಗಹಾಕುವವರಾದರೆ ಸಹಿ ಹಾಕದೆ ಎದ್ದು ಇನ್ನೊಬ್ಬರ ಹತ್ತಿರ ಹೋಗಿ.